ಬಿಸಿಲು ತಿಂದ ದೋಣಿ

ಏಪ್ರಿಲ್ 6, ಭಾನುವಾರ

ತಡಸದಿಂದ ದೋಣಿ ತಂದೆ. ಅಲ್ಲಿ ಹೆದ್ದಾರಿಗೆ ಹತ್ತಿಕೊಂಡು ಒಂದು ರಿಸಾರ್ಟ್ ಇತ್ತು. ಮುಚ್ಚಿ ಕೆಲವು ವರ್ಷಗಳಾದವು. ಅದರ ಸುಟ್ಟ ಪಂಪಿನ ಮೋಟರುಗಳನ್ನು ನೋಡಲು ನನ್ನನ್ನು ಕರೆದಿದ್ದರು. ಹಾನಗಲ್ಲಿನ ನನ್ನ ಅಂಗಡಿಯಲ್ಲಿ ರಿವೈಂಡಿಂಗ್ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು ಹೊರಡುವಾಗ, ಒಣಗಿದ ಕೊಳದ ದಂಡೆಯ ಮೇಲೆ ಅದು ಬೋರಲು ಬಿದ್ದಿರುವುದು ಕಂಡಿತು. ಇಬ್ಬರೇ ಕೂರುವಂಥ ಫೈಬರ್ ದೋಣಿ, ಎರಡೂ ತುದಿ ಚೂಪು. ಹಿಂದೊಮ್ಮೆ ಕೆಂಪಗಿತ್ತಂತೆ. ಈಗ ಮಳೆಗೆ ತೊಯ್ದು ಬಿಳಿಚಿಕೊಂಡ ಮೆಣಸಿನಕಾಯಿಯ ಬಣ್ಣ. ಮುಟ್ಟಿದರೆ ಅಂಗೈಗೆಲ್ಲ ಬಿಳಿ ಪುಡಿ. ಅಲ್ಲಲ್ಲಿ ಮೇಲ್ಪದರು ಸೀಳಿ ಒಳಗಿನ ಗಾಜಿನ ಎಳೆಗಳು ಎದ್ದಿವೆ. ಕೂರುವ ಹಲಗೆಗೆ ಗೆದ್ದಲು.

"ಒಯ್ತೀರೇನ್ರಿ? ಇದನ್ನ ಗುಜರಿಯವರೂ ಮುಟ್ಟವಲ್ಲರು," ಎಂದ ಕಾವಲುಗಾರ.

ಒಯ್ಯುತ್ತೇನೆ ಎಂದುಬಿಟ್ಟೆ.

ಟೆಂಪೋದಿಂದ ಇಳಿಸಿದಾಗ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮನ್ಯಾಗ ಇಂಥಾ ದುಃಖ ಐತಿ. ನೀ ಆಟಿಗಿ ಸಾಮಾನ ತಂದಿಯಲ್ಲೋ ಆನಂದಾ," ಎಂದಳು. ನಾನು ದೋಣಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ.

ಯಾಕೆ ತಂದೆನೆಂದು ಇಲ್ಲಾದರೂ ಬರೆದುಕೊಳ್ಳಬೇಕು. ಹೋದ ತಿಂಗಳು ಹಾವೇರಿಯ ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ, ನೀಲಾಂಬಿಕಾಳ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಉಸಿರಿರಲಿಲ್ಲ. ಅವಳಿಗೆ ಪೂರ್ತಿ ಎಚ್ಚರ ಬರುವ ಮೊದಲೇ ಕುಬೇರಪ್ಪ ಕಾಕಾ ಮತ್ತು ನಾನು ಅದನ್ನು ಊರಿಗೆ ತಂದೆವು. ಕೆರೆಯಂಗಳದ ನಡುವೆ ಇರುವ ದಿಬ್ಬದ ಮೇಲೆ, ಜಾಲಿಗಿಡದ ಬುಡದಲ್ಲಿ ಇಟ್ಟು ಬಂದೆವು. ತಾಯಿ ನೋಡಬಾರದು ಎಂದರು ಹಿರಿಯರು. ಅವಳ ತಮ್ಮ ಸುದೀಪ ಅವಳನ್ನು ಆಸ್ಪತ್ರೆಯಿಂದ ನೇರವಾಗಿ ಹಿರೇಕೆರೂರಿಗೆ, ತವರಿಗೆ, ಕರೆದುಕೊಂಡು ಹೋದ. ಕೂಸನ್ನು ಎಲ್ಲಿಟ್ಟಿದ್ದೇವೆಂದು ನೀಲಾಳಿಗೆ ಇನ್ನೂ ಗೊತ್ತಿಲ್ಲ.

ಈಗ ಕೆರೆ ಒಣಗಿದೆ. ಮಳೆಗಾಲದಲ್ಲಿ ದಿಬ್ಬದ ಸುತ್ತ ನೀರು ನಿಲ್ಲುತ್ತದೆ. ಅವಳು ಸುಧಾರಿಸಿಕೊಂಡು ಬರುವ ಹೊತ್ತಿಗೆ ನೀರು ಬಂದಿರುತ್ತದೆ. ಆಗ ಅವಳನ್ನು ಅಲ್ಲಿಗೆ ಕರೆದೊಯ್ಯಲು ದೋಣಿ ಬೇಕಾಗುತ್ತದೆ.

ಏಪ್ರಿಲ್ 9

ನೀಲಾ ಫೋನ್ ಮಾಡಿದ್ದಳು.

"ಅವ್ವ ಎದಿಗೆ ಮಲ್ಲಿಗಿ ಕಟ್ಟಿದ್ಲು. ಈಗ ಹಾಲು ಪೂರಾ ನಿಂತಾವು," ಎಂದಳು.

"ಚಲೋ ಆತು," ಎಂದೆ. ಎಂಥ ಮಾತು ಆಡಿದೆ.

ಅವಳು ಸಿಟ್ಟಾಗಲಿಲ್ಲ. "ಎಲ್ಲಿಟ್ರಿ?" ಎಂದಳು.

"ಮೊದಲ ಆರಾಮಾಗು. ಬಂದ ಮ್ಯಾಲ ಹೇಳ್ತೇನಿ."

"ಹೊಲದಾಗೇನು?"

"ಬಂದ ಮ್ಯಾಲ ಅಂದೆನಲ್ಲ ನೀಲಾ."

ಫೋನು ಇಟ್ಟಳು. ಹಿತ್ತಲಿಗೆ ಹೋಗಿ ಕೊಡಗಟ್ಟಲೆ ನೀರು ಹೊತ್ತು ದೋಣಿ ತೊಳೆದೆ. ತೊಳೆದಷ್ಟೂ ಬಿಳಿ ನೀರು ಹರಿಯಿತು.

ಏಪ್ರಿಲ್ 17

ಅಂಗಡಿ ಬೇಗ ಮುಚ್ಚಿ ಬಂದು, ಕತ್ತಲಾಗುವವರೆಗೆ ಮರಳುಕಾಗದ ಹಿಡಿದು ಉಜ್ಜುತ್ತೇನೆ. ಸತ್ತ ಪದರನ್ನು ಪೂರ್ತಿ ತೆಗೆಯದೆ ಮೇಲೆ ಏನು ಹಚ್ಚಿದರೂ ನಿಲ್ಲುವುದಿಲ್ಲ. ಮೂಗಿಗೆ ಅರಿವೆ ಕಟ್ಟಿಕೊಂಡರೂ ಧೂಳು ಗಂಟಲಿಗಿಳಿಯುತ್ತದೆ. ಮುಂಗೈ ತುಂಬ ಗಾಜಿನ ಎಳೆ ಚುಚ್ಚಿ ತುರಿಕೆ. ತುರಿಸಿಕೊಳ್ಳುತ್ತ ಕೂತಾಗ ಬೇರೆ ಏನೂ ನೆನಪಾಗುವುದಿಲ್ಲ. ಅದಕ್ಕೇ ಇರಬೇಕು, ಬಿಡಲು ಮನಸ್ಸಾಗುತ್ತಿಲ್ಲ.

ಇವತ್ತು ಸೀಳಿಗೆ ಹಚ್ಚುವ ಫೈಬರ್ ಅಂಟು, ರೆಸಿನ್, ತರಲು ಸವಣೂರಿಗೆ ಹೋಗಿದ್ದೆ. ಅಲ್ಲಿ ಇನಾಯತ ಎಂಬವನು ಫೈಬರ್ ಬಾಗಿಲು ಮಾಡುತ್ತಾನೆ. ಮಾತುಗಾರ.

"ಬಿಸಿಲಾಗ ಮಾಡಬ್ಯಾಡ್ರಿ. ಹಾರ್ಡ್‌ನರ್ ಬಿತ್ತಂದ್ರ ನೋಡ್‌ನೋಡ್ತ ಕಲ್ಲಾಗ್ತೈತಿ. ಯಾರ ದೋಣಿ?"

"ಮನೀದು."

"ಹಾನಗಲ್ಲಾಗ ಮನಿಗೊಂದ ದೋಣಿ! ಮೀನದ ಕಾಂಟ್ರ್ಯಾಕ್ಟ್ ಹಿಡದೀರೇನು?"

ಅವನು ನಕ್ಕ. ನಾನೂ ನಕ್ಕೆ. ಆಸ್ಪತ್ರೆಯ ನಂತರ ನಕ್ಕದ್ದು ಇದೇ ಮೊದಲು. ವಾಪಸು ಬರುವ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಏಪ್ರಿಲ್ 28

ಕುಬೇರಪ್ಪ ಕಾಕಾ ಬಂದು ಕಲ್ಲಿನ ಮೇಲೆ ಕೂತು, ನಾನು ಉಜ್ಜುವುದನ್ನು ಬಹಳ ಹೊತ್ತು ನೋಡಿದ.

"ದಿಬ್ಬದ ಕಡೆ ಹೋಗಿದ್ದೆ," ಎಂದ. "ನಾವು ಹೇರಿದ ಕಲ್ಲು ಹಂಗ ಅದಾವು. ನಾಯಿ ಗೀಯಿ ಕೆದರಿಲ್ಲ. ನೀ ಹೋಗಿದ್ದೇನು?"

"ಇಲ್ಲ."

"ಒಮ್ಮೆ ಹೋಗಿ ಬಾರಪಾ."

"ದೋಣಿ ಆಗ್ಲಿ ಕಾಕಾ."

"ದೋಣಿ ಯಾಕೋ? ಅಲ್ಲಿಗೆ ಎಮ್ಮಿ ನಡಕೊಂತ ಹೋಗಾಕತ್ತಾವು."

ನಾನು ಕಾಗದ ಬದಲಿಸಿಕೊಂಡೆ. "ಮಳಿಗಾಲದಾಗ ದಿಬ್ಬ ಮುಳುಗತೈತೇನು?" ಎಂದು ಕೇಳಿದೆ.

"ನಾ ಕಂಡಂಗ ಮುಳುಗಿಲ್ಲ. ಅದಕ್ಕ ನಮ್ಮ ಮನತನದ ಕೂಸುಗಳನ್ನ ಅಲ್ಲೇ ಇಡೂದು."

ಅವನ ಎರಡು ಕೂಸುಗಳೂ ಅಲ್ಲೇ ಇವೆ ಎಂದು ಅವ್ವ ಆಮೇಲೆ ಹೇಳಿದಳು. ನನಗೆ ಗೊತ್ತೇ ಇರಲಿಲ್ಲ. ಕಾಕಾ ಯಾವತ್ತೂ ಬಾಯಿ ಬಿಟ್ಟಿಲ್ಲ.

ಮೇ 4

ಏನೂ ಮಾಡಲಿಲ್ಲ. ದೋಣಿಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆ. ಅವ್ವ ಉಣ್ಣಲು ಕರೆದಳು. ಮತ್ತೆ ಕರೆದಳು.

ಮೇ 13

ಎಲ್ಲ ಹಾಳಾಯಿತು. ಇನಾಯತ ಅಷ್ಟು ಹೇಳಿದ್ದರೂ, ಅಂಗಡಿಗೆ ರಜೆ ಹಾಕಿ ಮಟಮಟ ಮಧ್ಯಾಹ್ನ ಕೆಲಸಕ್ಕೆ ಕೂತೆ. ಸೀಳಿದ ಕಡೆಗೆಲ್ಲ ಫೈಬರ್ ಮ್ಯಾಟ್ ಕತ್ತರಿಸಿ ಇಟ್ಟು ರೆಸಿನ್ ಕಲಸಿದೆ. ಅರ್ಧ ಹಚ್ಚುವಷ್ಟರಲ್ಲಿ ಡಬ್ಬಿ ಬಿಸಿಯಾಗಿ ಹೊಗೆ ಎದ್ದಿತು, ಬ್ರಷ್ಷು ಅದರಲ್ಲೇ ಸಿಕ್ಕಿಕೊಂಡು ಕಲ್ಲಾಯಿತು. ಹಚ್ಚಿದ್ದೂ ಗಂಟುಗಂಟಾಗಿ ಗಟ್ಟಿಯಾಗಿದೆ. ಎಲ್ಲವನ್ನೂ ಮತ್ತೆ ಕೆರೆದು ತೆಗೆಯಬೇಕು. ಡಬ್ಬಿಯನ್ನು ಗೋಡೆಗೆ ಎಸೆದೆ. ಅವ್ವ ಹೆದರಿ ಒಳಗಿನಿಂದ ಓಡಿ ಬಂದಳು.

ಅದೇ ಹೊತ್ತಿಗೆ ನೀಲಾಳ ಫೋನು.

"ಈ ಐತವಾರ ಸುದೀಪನ ಕೂಡ ಬರ್ತೇನಿ. ನನಗ ಇಲ್ಲಿ ಇರಾಕ ಆಗವಲ್ದು. ಒಮ್ಮೆ ಎಲ್ಲೈತಿ ಅಂತ ನೋಡಿ ಹೋಗ್ತೇನಿ."

"ಬಿಸಿಲು ಬಾಳ ಐತಿ. ಹೊಲಿಗಿ ಹಸೇ ಅದಾವು. ಈಗ ಬ್ಯಾಡ."

"ಹೊಲಿಗಿ ಮಾಯ್ದು ಬಾಳ ದಿನಾ ಆತು."

"ಸ್ವಲ್ಪ ದಿನ ತಡಿ. ದೋಣಿ ರಿಪೇರಿ ನಡಸೇನಿ, ಆದ ಕೂಡಲೇ ನಾನೇ ಬಂದು ಕರ್ಕೊಂಡು ಬರ್ತೇನಿ."

"ಏನ್ ದೋಣಿ?" ಎಂದಳು. ಹೇಳತೊಡಗಿದೆ. ನಡುವೆ ಯಾವಾಗ ಫೋನು ಇಟ್ಟಳೋ ತಿಳಿಯಲಿಲ್ಲ.

ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. "ಅಕಿ ತನ್ನ ಮನಿಗೆ ಬರಾಕ ನಿನ್ನ ದೋಣಿ ಅಪ್ಪಣಿ ಕೊಡಬೇಕೇನು?" ಎಂದಳು. ನಾನು ಉಳಿ ತೆಗೆದುಕೊಂಡು ಗಂಟುಗಳನ್ನು ಕೆರೆಯಲು ಕೂತೆ.

ಮೇ 25, ಭಾನುವಾರ

ಅವ್ವನ ಕಾಟಕ್ಕೆ ಹಿರೇಕೆರೂರಿಗೆ ಹೋಗಿ ಬಂದೆ. ಈ ವರ್ಷ ಮಳೆ ಅವಸರ ಮಾಡಿದೆ. ಬಸ್ಸಿನ ಕಿಟಕಿಯಿಂದ ನೀರು ಒಳಗೆ ಬರುತ್ತಿತ್ತು.

ನೀಲಾ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಬಳೆಗಳು ಮೊಣಕೈವರೆಗೆ ಜಾರುವಷ್ಟು ತೋಳು ಸಣ್ಣಗಾಗಿವೆ. ಅತ್ತೆ ಚಹಾ ಇಟ್ಟು ಒಳಗೆ ಹೋದರು. ಹೇಳಬೇಕೆಂದೇ ಹೋಗಿದ್ದೆ. ದಿಬ್ಬ, ಜಾಲಿಗಿಡ, ಎಲ್ಲವನ್ನೂ ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವಳ ಎದುರು ಕೂತಾಗ ಬಾಯಿಂದ ಬಂದದ್ದು ದೋಣಿಯ ಸುದ್ದಿ. ಕೆಳಗಿನ ಸೀಳು ಮುಚ್ಚಿದ್ದು, ಹೊಸ ಹಲಗೆಗೆ ಸಾಗವಾನಿ ಹುಡುಕಿದ್ದು, ಬಣ್ಣದ ಮೇಲೆ ಇನ್ನೊಂದು ಪದರು ಹಚ್ಚಿದರೆ ಬಿಸಿಲು ತಾಗುವುದಿಲ್ಲವೆಂಬುದು.

ಅವಳು ಕೇಳುತ್ತ ಕೂತಿದ್ದಳು. ಆಮೇಲೆ ಕೇಳಿದಳು:

"ಹೆಣ್ಣು ಅಂತ ನರ್ಸ್ ಹೇಳಿದ್ಲು. ಹೆಂಗಿದ್ಲು? ಯಾರ ಹಂಗ ಇದ್ಲು?"

"ನಾ ನೋಡ್ಲಿಲ್ಲ," ಎಂದೆ. "ಕಾಕಾ ಸುತ್ತಿಕೊಂಡು ಬಂದಿದ್ದ."

"ಒಮ್ಮೆನೂ?"

"ಇಲ್ಲ."

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಸುದೀಪ ಬಸ್ ಸ್ಟ್ಯಾಂಡಿನವರೆಗೆ ಕೊಡೆ ಹಿಡಿದುಕೊಂಡು ಬಂದ. "ಅಕ್ಕ ಉಣವಲ್ಲಳು ಮಾಮಾ. ಏನರ ಒಂದ ಹೇಳ್ರಿ ಆಕಿಗೆ," ಎಂದ.

ಕೂಸಿನ ಮುಖ ನೋಡಿದ್ದೆ. ಬರೆಯಲಾರೆ.

ಜೂನ್ 11

ಬಿಡದೆ ಮಳೆ. ಬೇಸಗೆಯಲ್ಲಿ ಬೇಗ ಗಟ್ಟಿಯಾಗುತ್ತಿದ್ದ ರೆಸಿನ್ ಈಗ ಗಟ್ಟಿಯಾಗುವುದೇ ಇಲ್ಲ. ಹಿತ್ತಲಲ್ಲಿ ತಾಡಪತ್ರಿ ಕಟ್ಟಿ, ಅದರಡಿ ದೋಣಿಯನ್ನು ಎರಡು ಕಟ್ಟಿಗೆಯ ಮೇಲೆ ಏರಿಸಿಟ್ಟಿದ್ದೇನೆ. ಮುಟ್ಟಿದರೆ ಬೆರಳು ಅಂಟುತ್ತದೆ.

ಕೆರೆಗೆ ಹೊಸ ನೀರು ಬಂದಿದೆ. ಏರಿಯ ಮೇಲೆ ನಿಂತು ನೋಡಿದೆ. ದಿಬ್ಬಕ್ಕೆ ಹೋಗುವ ಎಮ್ಮೆದಾರಿ ಮುಚ್ಚಿಹೋಗಿದೆ. ಇನ್ನು ನಡೆದು ಹೋಗಲು ಬರುವುದಿಲ್ಲ. ನೋಡುತ್ತಿದ್ದಂತೆ ಎದೆ ಹಗುರಾಯಿತು. ಯಾಕೆಂದು ತಿಳಿಯಲಿಲ್ಲ.

ಜೂನ್ 20

ಮಳೆ. ಎರಡನೆಯ ಪದರು ಇನ್ನೂ ಅಂಟಂಟು. ನೀಲಾ ಫೋನ್ ಮಾಡುವುದನ್ನು ಬಿಟ್ಟಿದ್ದಾಳೆ.

ಜುಲೈ 8

ಹೋದ ವಾರ ಉಪಾಯ ಹೊಳೆಯಿತು. ಅಂಗಡಿಯಲ್ಲಿ ಮೋಟರಿನ ತಂತಿಸುರುಳಿಗೆ ಹಚ್ಚಿದ ವಾರ್ನಿಷ್ ಒಣಗಿಸಲು ಬಳಸುವ ದೊಡ್ಡ ಬಲ್ಬುಗಳನ್ನು ತಂದು ದೋಣಿಯ ಸುತ್ತ ತೂಗುಬಿಟ್ಟೆ. ಪದರು ಗಟ್ಟಿಯಾಯಿತು. ಬೆರಳಿಂದ ಬಾರಿಸಿದರೆ ಕೊಡದಂತೆ ಸದ್ದು ಬರುತ್ತದೆ. ನುಣುಪು ಮಾಡಿ ಕೆಂಪು ಬಣ್ಣ ಹಚ್ಚಲು ಶುರು ಮಾಡಿದೆ. ಒಂದು ಬದಿ ಮುಗಿಸಿ ದೂರ ನಿಂತು ನೋಡಿದಾಗ, ಇದೇ ಆ ದೋಣಿ ಎಂದರೆ ಯಾರೂ ನಂಬಲಾರರು ಅನ್ನಿಸಿತು.

ಅಷ್ಟರಲ್ಲಿ ಕಾಕಾ ಬಂದ. ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದರೂ ತೊಯ್ದು ತೊಪ್ಪೆಯಾಗಿದ್ದ.

"ಆನಂದಾ, ದಿಬ್ಬ ಎಮ್ಮಿ ಬೆನ್ನಷ್ಟ ಉಳದೈತಿ."

"ಮುಳುಗಂಗಿಲ್ಲ ಅಂದಿದ್ದಿ."

"ಹೋದ ಚಳಿಗಾಲದಾಗ ಕೋಡಿ ಎತ್ತರ ಮಾಡ್ಯಾರಲ್ಲೋ. ಮ್ಯಾಲ ಮಳಿ. ಮತ್ತ ವರದಾ ಹೊಳಿಯಿಂದ ಪೈಪಿನಾಗ ನೀರು ತುಂಬಸಾಕತ್ತಾರ. ನನಗ ಹೊಳೀಲೇ ಇಲ್ಲ, ನನಗ ಹೊಳೀಲೇ ಇಲ್ಲೋ."

ಕಾಕಾ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತ. ಅವನು ಅತ್ತದ್ದನ್ನು ನಾನು ಹಿಂದೆ ಕಂಡಿಲ್ಲ. ಕಲಸಿದ ಬಣ್ಣ ಗಟ್ಟಿಯಾದೀತೆಂದು ನಾನು ಇನ್ನೊಂದು ಬದಿಗೆ ಹಚ್ಚುತ್ತಲೇ ಇದ್ದೆ.

ಜುಲೈ 19

ದಿಬ್ಬ ಮುಳುಗಿತು. ಜಾಲಿಗಿಡದ ಮೇಲಿನ ಕೊಂಬೆಗಳಷ್ಟೇ ಕಾಣುತ್ತಿವೆ.

ಊರಿಗೆ ಖುಷಿಯೋ ಖುಷಿ. ಇಷ್ಟು ನೀರನ್ನು ಯಾರೂ ಕಂಡಿಲ್ಲವಂತೆ. ಕೆರೆಗೆ ಬಾಗಿನ ಕೊಡುವ ಮಾತು ನಡೆದಿದೆ. ಅಂಗಡಿಗೆ ಬಂದ ಗಿರಾಕಿಯೊಬ್ಬರು ಕೆರೆ ತುಂಬಿತೆಂದು ಪೇಡೆ ಕೊಟ್ಟರು. ತಿಂದೆ.

ಜುಲೈ 27, ಭಾನುವಾರ

ಇವತ್ತು ದೋಣಿಯನ್ನು ನೀರಿಗೆ ಬಿಟ್ಟೆವು. ಟೆಂಪೋದಲ್ಲಿ ಏರಿಯವರೆಗೆ ತಂದು, ಕಾಕಾ ಮತ್ತು ನಾನು ಹೊತ್ತು ಇಳಿಸಿದೆವು. ನಾನೊಬ್ಬನೇ ಹತ್ತಿದೆ. ಮೊದಲು ಒಂದು ಕಡೆಗೆ ವಾಲಿ, ಬಿದ್ದೇ ಹೋಗುತ್ತೇನೆ ಅನ್ನಿಸಿತು. ಬಡಿಗೇರ ಮಾಡಿಕೊಟ್ಟ ಹುಟ್ಟನ್ನು ಎರಡೂ ಕಡೆ ಹಾಕಲು ರೂಢಿಯಾದ ಮೇಲೆ ನೇರವಾಗಿ ಹೋಯಿತು. ಒಂದು ಹನಿ ನೀರು ಒಳಗೆ ಬರಲಿಲ್ಲ.

ಜಾಲಿಗಿಡದ ಹತ್ತಿರ ಹೋಗಿ ನಿಂತೆ. ಕೊಂಬೆಗಳಿಗೆ ಹುಲ್ಲು, ಪ್ಲಾಸ್ಟಿಕ್ಕು ಸಿಕ್ಕಿಕೊಂಡಿದ್ದವು. ನೀರು ಕಂದು, ಒಳಗೆ ಏನೂ ಕಾಣುವುದಿಲ್ಲ. ದೋಣಿ ತೇಲಿ ಹೋಗದಿರಲೆಂದು ಹುಟ್ಟನ್ನು ಕೆಳಗೆ ಊರಿದೆ. ಅದರ ತುದಿ ಮಣ್ಣಿಗೆ ತಾಗಿತು. ತಟ್ಟನೆ ಎತ್ತಿಕೊಂಡೆ. ಅವಳಿಗೆ ತಾಗಿತೇನೋ ಅನ್ನಿಸಿಬಿಟ್ಟಿತು. ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಗಾಳಿ ದೋಣಿಯನ್ನು ಎಲ್ಲಿಗೋ ಒಯ್ಯುತ್ತಿತ್ತು. ಕಾಕಾ ದಂಡೆಯಿಂದ ಕೂಗಿದ ಮೇಲೆ ಎಚ್ಚರವಾಯಿತು.

ಇಷ್ಟು ತಿಂಗಳಲ್ಲಿ ಮಗಳ ಹತ್ತಿರ ಹೋದದ್ದು ಇವತ್ತೇ.

ಸಂಜೆ ನೀಲಾಳಿಗೆ ನಾನೇ ಫೋನ್ ಮಾಡಿದೆ. "ದೋಣಿ ಆಗೇತಿ. ಬಾ," ಎಂದೆ. "ಹೂಂ," ಎಂದಳು.

ಆಗಸ್ಟ್ 3, ಭಾನುವಾರ

ನೀಲಾ ಬಂದು ಹೋದಳು. ಮುಂಜಾನೆಯ ಬಸ್ಸಿಗೆ ಸುದೀಪನ ಜತೆ ಬಂದಳು, ಸಂಜೆಯ ಬಸ್ಸಿಗೆ ಹೋದಳು. ಮತ್ತೆ ಯಾವಾಗ ಬರುತ್ತಾಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವ್ವ ಇನ್ನೂ ಹೊಸ್ತಿಲಲ್ಲೇ ಕೂತಿದ್ದಾಳೆ.

ಬಂದವಳು ನೀರು ಕೂಡ ಕುಡಿಯಲಿಲ್ಲ. "ನಡೀರಿ," ಎಂದಳು. ಮೂವರೂ ಕೆರೆ ಏರಿ ಹತ್ತಿದೆವು. ತೂಬಿನ ಕಲ್ಲಿಗೆ ಕಟ್ಟಿದ್ದ ದೋಣಿ ಕೆಂಪಗೆ ಹೊಳೆಯುತ್ತಿತ್ತು. ಸುದೀಪ ಹುರುಪಿನಿಂದ ಇಳಿದು ಹೋಗಿ ಅದರಲ್ಲಿ ಕೂತ. "ಭಾರಿ ಆಗೇತಿ ಮಾಮಾ! ಹೊಸಾದರ ಹಂಗ ಐತಿ!"

ನೀಲಾ ದೋಣಿಯ ಕಡೆ ನೋಡಲಿಲ್ಲ. "ಎಲ್ಲಿ?" ಎಂದಳು.

"ಅಗೋ, ಅಲ್ಲಿ ಗಿಡದ ತುದಿ ಕಾಣತೈತಲ್ಲ."

"ನೀರಾಗೇನು?"

"ಕೆಳಗ ದಿಬ್ಬ ಐತಿ. ನಾವು ಇಟ್ಟಾಗ ನೀರು ಇದ್ದಿದ್ದಿಲ್ಲ. ಕೆರಿ ಎಲ್ಲಾ ಒಣಾ ಇತ್ತು."

ಅವಳು ಗಿಡದ ತುದಿಯಿಂದ ಏರಿಯವರೆಗೆ ಕಣ್ಣು ಹಾಯಿಸಿದಳು.

"ಒಣಾ ಇತ್ತು," ಎಂದಳು.

"ಹೂಂ."

"ನಾ ಬ್ಯಾಸಗ್ಯಾಗ ಬರ್ತೇನಂದಿದ್ದೆ. ಆವಾಗ ನಡಕೊಂತ ಹೋಗಬಹುದಿತ್ತಲ್ರಿ."

"ಬಿಸಿಲು ಬಾಳ ಇತ್ತು," ಎಂದೆ. ಅದು ನನ್ನ ಕಿವಿಗೇ ಬಿತ್ತು. ಆ ದಿಬ್ಬ ಏರಿಯಿಂದ ಎಷ್ಟು ದೂರ? ಕೂಗಿದರೆ ಕೇಳುವಷ್ಟು. ಬೇಸಗೆಯಿಡೀ ದಾರಿ ತೆರೆದಿತ್ತು. ನಾನು ಬೆನ್ನು ಮಾಡಿ ಕೂತು ಉಜ್ಜುತ್ತಿದ್ದೆ.

"ದೋಣ್ಯಾಗ ಬಾ," ಎಂದೆ. "ಅಲ್ಲಿತನಕ ಒಯ್ತೇನಿ. ಅಲುಗಾಡಂಗಿಲ್ಲ, ಹೆದರಬ್ಯಾಡ."

"ನೀರಿನ ಮ್ಯಾಲ ಹೋಗಿ ಏನ್ ಮಾಡ್ಲಿ? ನನಗ ಒಂದೀಟು ಮಣ್ಣು ಮುಟ್ಟಬೇಕಾಗಿತ್ತು."

ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಸಿ ಏರಿಯ ಮೇಲೆ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಸುದೀಪ ದೋಣಿಯಿಂದ ಮೆಲ್ಲಗೆ ಇಳಿದು ಕೋಡಿಯ ಕಡೆಗೆ ನಡೆದುಹೋದ.

"ಖರೇ ಹೇಳ್ರಿ. ನೀವು ನೋಡ್ಲಿಲ್ಲೇನು?"

"ನೋಡಿದ್ದೆ."

ಆಗ ಪೂರ್ತಿ ನನ್ನ ಕಡೆಗೆ ತಿರುಗಿದಳು. ಆಸ್ಪತ್ರೆಯಿಂದೀಚೆಗೆ ಅವಳು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ಹೇಳಿದೆ. ಹಾವೇರಿಯಿಂದ ಜೀಪಿನಲ್ಲಿ ಬರುವಾಗ ಕಾಕಾ ಮುಂದೆ ಕೂತಿದ್ದ, ಮಗಳು ನನ್ನ ತೊಡೆಯ ಮೇಲಿದ್ದಳು. ಊರು ಬರುವ ಮೊದಲು ಟವೆಲ್ ಸರಿಸಿದೆ. ತಲೆ ತುಂಬ ಕೂದಲು, ಹಣೆಗೆ ಅಂಟಿಕೊಂಡಿದ್ದವು. ಬೆರಳಲ್ಲಿ ಹಿಂದಕ್ಕೆ ಸರಿಸಿದೆ. ಉಗುರು ಬೆಳೆದಿದ್ದವು. ಬಲಗೈ ಮುಷ್ಟಿ ಕಟ್ಟಿತ್ತು. ಅದರೊಳಗೆ ನನ್ನ ಕಿರುಬೆರಳು ತೂರಿಸಿ, ಹಿಡಿದಾಳೇನೋ ಎಂದು ಕಾದೆ. ಕಾಕಾ ಕೈ ಚಾಚಿದಾಗ ಕೊಡಲಿಲ್ಲ. ಕೊನೆಗೆ ದಿಬ್ಬದ ಮೇಲೆ ತೋಡಿದ ಕುಣಿಗೆ ನಾನೇ ಇಳಿದು ಮಲಗಿಸಿದೆ. ಗುದ್ದಲಿಯಿಂದ ಮಣ್ಣು ಎಳೆಯಲು ಬಿಡದೆ, ಕೈಯಿಂದಲೇ ಹೆಂಟೆ ಪುಡಿ ಮಾಡಿ ಮುಚ್ಚಿದೆ. ಮಣ್ಣು ಬೆಚ್ಚಗಿತ್ತು.

"ಕಿವಿ?" ಎಂದಳು ನೀಲಾ.

"ನಿನ್ನ ಹಂಗ. ಎಡಗಿವಿ ಅಂಚು ಮಡಚಿತ್ತು."

ಅವಳ ಕೈ ತನ್ನ ಕಿವಿಗೆ ಹೋಯಿತು. ಅಲ್ಲೇ ಉಳಿಯಿತು.

"ಇನ್ನೊಮ್ಮೆ ಹೇಳ್ರಿ," ಎಂದಳು. "ಜೀಪಿನಿಂದ ಹೇಳ್ರಿ."

ಜೀಪಿನಿಂದ ಹೇಳಿದೆ. ಈ ಸಲ ಉಗುರಿನವರೆಗೆ ಬಂದು ನಿಂತುಬಿಟ್ಟೆ. ಅವಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ಕಾದಳು, ಬಿಡಲಿಲ್ಲ. ಹೇಳಿ ಮುಗಿಸಿದೆ.